ಎಂಟು ವಾರದ ಪಥ್ಯ

"ಇದರಲ್ಲಿ ಕೋಳಿ ಇದೆ," ಎಂದು ಅವನು ಪೊಟ್ಟಣವನ್ನು ನನ್ನ ಕೌಂಟರಿನ ಮೇಲೆ ಕುಕ್ಕಿದ.

"ಮೀನು ಅಂತ ಬರೆದಿದೆಯಲ್ರೀ." ಪೊಟ್ಟಣದ ಮೇಲೆ ಇಷ್ಟುದ್ದದ ಮೀನಿನ ಚಿತ್ರವೂ ಇತ್ತು.

"ಹಿಂದುಗಡೆ ಓದಿ. ಆರನೇ ಸಾಲು."

ಪೊಟ್ಟಣವನ್ನು ಕೈಚಾಚಿ ದೂರ ಹಿಡಿದೆ. ಇನ್ನಷ್ಟು ದೂರ ಹಿಡಿದೆ. ಕೈಯ ಉದ್ದ ಸಾಲದಾಯಿತು, ಅಕ್ಷರ ಮಾತ್ರ ಕಾಣಲಿಲ್ಲ. ಅವನ ಸಿಟ್ಟು ತುಟಿಯ ಒಂದು ಮೂಲೆಯಲ್ಲಿ ಮೆಲ್ಲಗೆ ನಗುವಾಗುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

"ನಲವತ್ತು ದಾಟಿದೆ ಅಲ್ವಾ ಮೇಡಂ?"

"ನಾಯಿಗೆ ತಿಂಡಿ ಕೊಳ್ಳೋರಿಗೆ ನನ್ನ ವಯಸ್ಸು ಯಾಕೆ?"

"ಎದುರಿನ ಕನ್ನಡಕದಂಗಡಿ ನಂದು. ಅಭ್ಯಾಸಬಲ," ಎಂದು ತಾನೇ ಓದಿದ. "ಕೋಳಿ ಕೊಬ್ಬು."

ಅವನ ಕಂಕುಳಲ್ಲಿ ಎರಡು ಬೊಗಸೆಯಷ್ಟು ನಾಯಿ. ಹೆಸರು ಗುಬ್ಬಿ. ಪಾದಗಳನ್ನು ನೆಕ್ಕಿ ನೆಕ್ಕಿ ಕಂದು ಮಾಡಿಕೊಂಡಿತ್ತು, ಕಿವಿ ನಾರುತ್ತಿತ್ತು. ಹಿಂದಿನ ವಾರ ಆ ಮೀನಿನ ಪೊಟ್ಟಣವನ್ನು ಕೊಟ್ಟವಳು ನಾನೇ. ತಪ್ಪು ಒಪ್ಪಿಕೊಳ್ಳುವ ಬದಲು ಅವನನ್ನು ಮಹಡಿಯ ಮೇಲೆ ಅಕ್ಕನ ಹತ್ತಿರ ಅಟ್ಟಿದೆ. ಅಕ್ಕ ಪ್ರಾಣಿಗಳ ಡಾಕ್ಟರು. ಅವಳ ಚೀಟಿ ಹಿಡಿದು ಕೆಳಗೆ ಬರುವವರಿಂದಲೇ ನನ್ನ ಅಂಗಡಿ ನಡೆಯುವುದು.

ಅವನ ಹಿಂದೆಯೇ ಅಕ್ಕನೂ ಇಳಿದು ಬಂದಳು. "ಕೋಳಿ ಆಗಲ್ಲ ಅಂತ ಅನುಮಾನ. ಮೇದೋಜೀರಕ ಗ್ರಂಥಿ ಊದಿಕೊಂಡು ಒಂದ್ಸಲ ಸತ್ತು ಬದುಕಿದೆಯಂತೆ, ಹಾಗಾಗಿ ಕೊಬ್ಬೂ ಬೇಡ. ಇಬ್ಬರೂ ಕೇಳಿಸ್ಕೊಳ್ಳಿ. ಎಂಟು ವಾರ ಒಂದೇ ತಿಂಡಿ. ಬಿಸ್ಕತ್ತಿಲ್ಲ, ಚೀಸಿಲ್ಲ, ಪಾಪ ಅನ್ನೋ ಹಾಗೇ ಇಲ್ಲ. ತಿಂದದ್ದೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರೀಬೇಕು."

ಕಪಾಟುಗಳ ನಡುವೆ ನೆಲದ ಮೇಲೆ ಕೂತು ಹುಡುಕಿದೆವು. ಅವನು ಓದುವುದು, ನಾನು ಬೇಡವೆನ್ನುವುದು. ಕುರಿಯಲ್ಲಿ ಕೊಬ್ಬು ಜಾಸ್ತಿ. ಬಾತುಕೋಳಿಯೂ ಬೇಡ, ಅದು ಕೋಳಿಗೆ ತೀರಾ ಹತ್ತಿರದ ನೆಂಟ. ತರಕಾರಿಯದೆಂದು ಹೇಳಿಕೊಂಡ ಹಸಿರು ಪೊಟ್ಟಣದಲ್ಲಿ ಕೋಳಿ ಲಿವರ್ ಅಡಗಿ ಕೂತಿತ್ತು. ಗುಬ್ಬಿ ನನ್ನ ಮಡಿಲೇರಿ ಕೆರೆದುಕೊಳ್ಳುತ್ತಿತ್ತು. ಕೊನೆಗೆ ಕೆಳಗಿನ ಸಾಲಿನಲ್ಲಿ ಒಂದು ಸಿಕ್ಕಿತು: ಮೊಲದ ಮಾಂಸ, ಆಲೂಗಡ್ಡೆ, ಕೊಬ್ಬು ತೀರಾ ಕಡಿಮೆ.

"ಸಿಕ್ತು, ಲೇಬಲ್ ಮೇಡಂ!" ಎಂದು ಅವನು ಮಗುವಿನ ಹಾಗೆ ಕೂಗಿದ.

"ದೊಡ್ಡ ಚೀಲ ಬೇಡ. ಒಡೆದಮೇಲೆ ಬೇಗ ಹಾಳಾಗುತ್ತೆ. ವಾರಕ್ಕೊಂದು ಸಣ್ಣ ಪೊಟ್ಟಣ ತಗೊಂಡು ಹೋಗಿ," ಎಂದೆ.

ಅದು ಹಸಿ ಸುಳ್ಳು. ಬಾಯಿ ಬಿಗಿಯಾಗಿ ಕಟ್ಟಿಟ್ಟರೆ ಏನೂ ಆಗದು. ಅವನು ವಾರವಾರ ಬರಲಿ ಎಂದು ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತ್ತು.

ಬಂದ. ಪ್ರತಿ ಶನಿವಾರ ಬಂದ. ಎರಡನೇ ವಾರ ತಾನಾಗಿಯೇ ಹೇಳಿದ, ಹೆಂಡತಿ ಬಿಟ್ಟು ಹೋಗಿ ಐದು ತಿಂಗಳಾಯಿತೆಂದು. "ಗುಬ್ಬಿ ಅವಳದೇ. ಸೂಟ್‌ಕೇಸಲ್ಲಿ ನಮ್ಮಿಬ್ಬರಿಗೂ ಜಾಗ ಇರ್ಲಿಲ್ಲ ಅನ್ಸುತ್ತೆ." ನಕ್ಕುಕೊಂಡೇ ಹೇಳಿದ. ನನಗೆ ನಗು ಬರಲಿಲ್ಲ.

ಮೂರನೇ ವಾರ ನನ್ನನ್ನು ತನ್ನ ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಪುಟ್ಟ ಅಳತೆಪಟ್ಟಿಯೊಂದನ್ನು ನನ್ನ ಮೂಗಿನ ಮೇಲಿಟ್ಟ.

"ಕದಲ್ಬೇಡಿ. ನನ್ನ ಎಡಗಣ್ಣು ನೋಡಿ."

ನೋಡಿದೆ. ಅಷ್ಟು ಹತ್ತಿರದಿಂದ ಯಾರ ಕಣ್ಣನ್ನಾದರೂ ನೋಡಿ ಎಷ್ಟು ವರ್ಷವಾಗಿತ್ತೋ.

"ಅರವತ್ತೊಂದು," ಎಂದ.

"ಏನದು?"

"ನಿಮ್ಮೆರಡು ಕಣ್ಣಿನ ನಡುವಿನ ದೂರ. ಮಿಲಿಮೀಟರಿನಲ್ಲಿ."

"ಒಂದು ಸಲ ಅಳೆದ್ರೆ ಸಾಕಲ್ವಾ?"

"ಸಾಕು," ಎಂದ. ಮತ್ತೊಮ್ಮೆ ಅಳೆದ.

ಕನ್ನಡಕ ಬಂತು. ಪೊಟ್ಟಣಗಳ ಹಿಂದಿನ ಇರುವೆಸಾಲು ಅಕ್ಷರಗಳಾಯಿತು. ಗುಬ್ಬಿಯ ಕಿವಿ ಒಣಗಿತು. ನಾನು ಶನಿವಾರಗಳಂದು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದೆ. ಅಕ್ಕನಿಗೆ ಎಲ್ಲ ಗೊತ್ತಾಗುತ್ತಿತ್ತು. "ಏನೇ, ಮೊಲದ ಪೊಟ್ಟಣಕ್ಕೆ ರಿಬ್ಬನ್ನೂ ಕಟ್ತೀಯಾ?" ಎಂದು ಮೆಟ್ಟಿಲ ಮೇಲಿಂದಲೇ ಕಾಲೆಳೆಯುತ್ತಿದ್ದಳು.

ಆರನೇ ವಾರ ಅವನು ಕೇಳಿದ, "ಎಂಟು ವಾರ ಆದ್ಮೇಲೇನು?"

"ಹಳೇದನ್ನ ಮತ್ತೆ ಸ್ವಲ್ಪ ಕೊಟ್ಟು ನೋಡ್ಬೇಕು. ಕೊಬ್ಬಿಲ್ಲದ ಕೋಳಿ, ಬೇಯಿಸಿ, ಒಂದೊಂದೇ ಚೂರು."

"ವಾಸಿಯಾದದ್ದನ್ನ ಮತ್ತೆ ಕೆಣಕೋದಾ?"

"ಕೆಣಕಿದ್ರೇನೇ ಗೊತ್ತಾಗೋದು. ಇಲ್ಲಾಂದ್ರೆ ಅದರಿಂದ್ಲೇ ಆಗಿತ್ತೋ ಇಲ್ವೋ ಅಂತ ಜೀವಮಾನವಿಡೀ ಅನುಮಾನ ಉಳಿಯುತ್ತೆ."

ದೊಡ್ಡ ಪಂಡಿತಳ ಹಾಗೆ ಹೇಳಿದೆ. ಅವನು ಗುಬ್ಬಿಯ ಬೆನ್ನು ಸವರುತ್ತ ನನ್ನತ್ತ ನೋಡಿದ. "ಎಂಟು ವಾರ ಮುಗೀಲಿ. ನಿಮ್ಮ ಹತ್ರ ಒಂದು ಮಾತು ಹೇಳೋದಿದೆ."

ಆ ಎರಡು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ. ಮಾತೇನೆಂದು ಗೊತ್ತಿತ್ತು. ನನ್ನ ಉತ್ತರವೂ ಸಿದ್ಧವಿತ್ತು.

ಎಂಟನೇ ಶನಿವಾರ ಅವನು ನೋಟ್‌ಬುಕ್ಕನ್ನು ಕೌಂಟರಿನ ಮೇಲಿಟ್ಟ. ಗುಬ್ಬಿಯ ಪಾದಗಳು ಹಾಲಿನಷ್ಟು ಬೆಳ್ಳಗಿದ್ದವು. ನಾನು ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿದೆ. ಅವನ ಅಕ್ಷರಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಬುಧವಾರದ ಸಾಲು ಹಾಗಿರಲಿಲ್ಲ. ದುಂಡಗೆ, ಅಚ್ಚುಕಟ್ಟಾಗಿ ಇತ್ತು: "ಬೆಳಿಗ್ಗೆ ಎಂಟು. ಅರ್ಧ ಬಟ್ಟಲು. ಪಾಪ, ಇನ್ನೂ ಬೇಕಂತೆ."

ಹಾಳು ಕನ್ನಡಕ, ಎಲ್ಲವೂ ಸ್ಪಷ್ಟವಾಗಿ ಕಂಡಿತು.

"ಇದನ್ನ ಬರೆದವರು?"

"ಅವಳು." ಅವನ ಕಣ್ಣು ನೆಲದ ಮೇಲಿತ್ತು. "ಮಂಗಳವಾರ ಬಂದ್ಲು. ಇನ್ನೊಂದ್ಸಲ ನೋಡೋಣ ಅಂತಾಳೆ."

"ನೀವೇನಂದ್ರಿ?"

"ನೀವೇ ಹೇಳಿದ್ರಲ್ಲ... ಹಳೇದನ್ನ ಮತ್ತೆ ನೋಡ್ದೇ ಇದ್ರೆ ಜೀವಮಾನವಿಡೀ ಅನುಮಾನ ಉಳಿಯುತ್ತೆ ಅಂತ."

"ನಾನು ಹೇಳಿದ್ದು ಕೋಳಿ ವಿಷಯ."

ಅವನು ನೋಟ್‌ಬುಕ್ಕನ್ನು ಮುಚ್ಚಿದ. ಆಮೇಲೆ, "ಇವತ್ತು ಹೇಳ್ಬೇಕು ಅಂತಿದ್ದ ಮಾತು ಬೇರೇನೇ ಇತ್ತು. ನಿಜವಾಗ್ಲೂ," ಎಂದ.

"ಅದನ್ನ ಹೇಳ್ಬೇಡಿ. ಹೇಳಿಬಿಟ್ಟು ಮನೆಗೆ ಹೋಗ್ತೀರಿ. ನಾನಿಲ್ಲಿ ಅದನ್ನಿಟ್ಕೊಂಡು ಏನು ಮಾಡ್ಲಿ?"

ಅವನೆದುರು ಅಳಬಾರದೆಂದು ಒಳಗೆ ಹೋಗಿ, ಮೊಲದ ತಿಂಡಿಯ ಅತಿ ದೊಡ್ಡ ಚೀಲವನ್ನು ಎಳೆದು ತಂದು ಅವನ ಕಾಲ ಬಳಿ ಕೆಡವಿದೆ.

"ಇಷ್ಟು ದೊಡ್ಡದಾ? ಒಡೆದಮೇಲೆ ಹಾಳಾಗಲ್ವಾ?"

"ಇಲ್ಲ. ಬಾಯಿ ಕಟ್ಟಿಟ್ರೆ ಎರಡು ತಿಂಗಳು ಏನೂ ಆಗಲ್ಲ."

"ಮತ್ತೆ ವಾರವಾರ ಬನ್ನಿ ಅಂದಿದ್ದು?"

"ನೀವು ಬರಲಿ ಅಂತ."

ಅವನು ಕೈಯನ್ನು ಕೌಂಟರಿನ ಮೇಲೆ ನನ್ನ ಕೈಯ ಹತ್ತಿರ ತಂದ, ಅರ್ಧಕ್ಕೇ ನಿಲ್ಲಿಸಿದ. ಅದನ್ನೂ ಅಳೆದುಕೊಂಡನೇನೋ.

"ಕೋಳಿ ಕೊಟ್ಟು ತುರಿಕೆ ಬಂದ್ರೆ ಅಕ್ಕನಿಗೆ ಫೋನ್ ಮಾಡಿ," ಎಂದೆ. "ಅಂಗಡಿಗೆ ಬರ್ಬೇಡಿ. ಮನೇಲಿ ಏನಾದ್ರೂ ಕೆಟ್ಟರೂ ಬರ್ಬೇಡಿ. ನಾನು ಪಥ್ಯದ ತಿಂಡಿ ಮಾರೋಳು, ಪಥ್ಯ ಆಗೋಕೆ ಕೂತಿಲ್ಲ."

ಅವನು ಚೀಲವನ್ನು ಹೆಗಲಿಗೇರಿಸಿ ಹೊರಟ. ಗುಬ್ಬಿ ಮಾತ್ರ ಬಾಗಿಲಲ್ಲಿ ಹಗ್ಗ ಜಗ್ಗಿ, ನನ್ನ ಕಡೆ ತಿರುಗಿ ಎರಡು ಸಲ ಬೊಗಳಿತು.

ಕನ್ನಡಕವನ್ನು ತೆಗೆದು ಡ್ರಾಯರಿನ ತಳಕ್ಕೆ, ಹಳೆಯ ಚೀಟಿಗಳ ಕೆಳಗೆ ತುರುಕಿದೆ. ಇನ್ನು ಮುಟ್ಟುವುದಿಲ್ಲ ಎಂದುಕೊಂಡೆ.

ಅರ್ಧ ಗಂಟೆಯಲ್ಲಿ ಬೆಕ್ಕಿನವರೊಬ್ಬರು ಬಂದರು. "ನಮ್ಮದಕ್ಕೆ ಹಾಲು ಆಗಲ್ಲ. ಇದರಲ್ಲಿ ಹಾಲೇನಾದ್ರೂ ಇದೆಯಾ, ಸ್ವಲ್ಪ ನೋಡಿ ಹೇಳಿ." ಡಬ್ಬಿಯನ್ನು ಕೈಚಾಚಿ ದೂರ ಹಿಡಿದೆ, ಇನ್ನಷ್ಟು ದೂರ ಹಿಡಿದೆ. ಅವರು ಕಾಯುತ್ತ ನಿಂತಿದ್ದರು. ಡ್ರಾಯರ್ ಎಳೆದು ಕನ್ನಡಕ ತೆಗೆದು ಹಾಕಿಕೊಂಡೆ.