ಅವನಿಗೆ ಮಾತ್ರ ಹೇಳಿದ್ದು

"ಒಂದ್ ಮಾತು ಕೇಳ್ಲೇನ್ರಿ? ನಾವು ಬೇಡಿಕೊಂಡದ್ದು ದೇವರಿಗೆ ಕೇಳಿಸ್ತೈತಿ ಅನಿಸ್ತೈತೇನ್ರಿ ನಿಮಗ?"

ಮಸ್ಕಿ ಬಸ್ ನಿಲ್ದಾಣದಲ್ಲಿ ನಿಂತಿದ್ದ ಸೂಗಮ್ಮ ತಿರುಗಿ ನೋಡಿದಳು. ಬಿಳಿ ಅಂಗಿ, ಕೈಯಲ್ಲಿ ಕರಪತ್ರಗಳ ಕಟ್ಟು. ತನ್ನದೇ ವಯಸ್ಸಿನ ಹುಡುಗ!

"ಕೇಳಿಸಿದ್ರ ನನ್ನ ತಂಗಿ ಯಾಕ ಸಾಯ್ತಿದ್ಲು?"

ಸಿಟ್ಟಿನಲ್ಲಿ ಬಂದ ಮಾತು. ಅವನು ವಾದಕ್ಕಿಳಿಯಲಿಲ್ಲ. ಚಾಚಿದ್ದ ಕರಪತ್ರವನ್ನು ಹಿಂದಕ್ಕೆಳೆದುಕೊಂಡು, "ಆಕಿ ಹೆಸರೇನಿತ್ರಿ?" ಎಂದ.

ಮೂರು ತಿಂಗಳಿಂದ ಅಮರಮ್ಮನ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ... ಸೂಗಮ್ಮನ ಕಣ್ಣು ತುಂಬಿದವು.

ಅದು 1987. ಹುಡುಗ ಸಿಂಧನೂರಿನ ದಾನಿಯೇಲ. ಊರೂರಿನ ಬಸ್ ನಿಲ್ದಾಣಗಳಲ್ಲಿ ಹರೆಯದವರನ್ನು ಮಾತಿಗೆಳೆದು ಯೇಸುವಿನ ವಿಷಯ ಹೇಳುತ್ತಿದ್ದ. ಸೂಗಮ್ಮ ಬಳಗಾನೂರಿನವಳು, ಲಿಂಗಸುಗೂರಿನಲ್ಲಿ ಶಿಕ್ಷಕರ ತರಬೇತಿಗೆ ಹೋಗುತ್ತಿದ್ದಳು. ಮಸ್ಕಿಯಲ್ಲಿ ಬಸ್ ಬದಲಿಸುವ ಆ ಅರ್ಧ ಗಂಟೆ ದಿನದಿಂದ ದಿನಕ್ಕೆ ಅವರಿಬ್ಬರದಾಯಿತು.

ಅವನು ತನ್ನ ದೇವರ ಬಗ್ಗೆ ಹೇಳುತ್ತಿದ್ದ. ಅವಳು ಜಗಳಾಡುತ್ತಿದ್ದಳು. ಅವನು ನಗುತ್ತಿದ್ದ. ಬಸ್ಸು ತಡವಾದರೆ ಅವಳಿಗೆ ಖುಷಿ!

ಒಂದು ದಿನ ಅವಳು ಎದೆಯೊಳಗಿನ ಕೆಂಡವನ್ನು ಹೊರಗೆ ತೆಗೆದಳು.

"ಅಮರಿಗೆ ಕಾಮಣಿ ಆಗಿತ್ತು, ಮೈ-ಕಣ್ಣೆಲ್ಲ ಹಳದಿ. ನಾಳೆನೇ ಅಡ್ಮಿಟ್ ಮಾಡ್ರಿ ಅಂದಿದ್ರು ಡಾಕ್ಟರು. ನಾ ಅವ್ವಗ ಹೇಳಲಿಲ್ಲ... ಅಮಾಸಿಗೆ ತಾಯಿತ ಕಟ್ಟಿಸಿದ್ರ ಸಾಕು ಅಂದ್ಕೊಂಡೆ. ಅಮಾಸಿಗೆ ಆಕಿ ಇರಲಿಲ್ಲ. ಯಾರ ಮುಂದೂ ಹೇಳಬ್ಯಾಡ, ದಾನಿಯೇಲ."

"ಇಲ್ಲ ಸೂಗವ್ವ. ನಿನ್ನಾಣಿ."

ಮದುವೆಯ ಮಾತನ್ನು ಅವನೇ ತೆಗೆದ. ಜಾತಿ, ಧರ್ಮ, ಊರು ಎಲ್ಲ ನೆನೆದು ಅವಳು ಹೆದರಿದಳು. ಎರಡು ವಾರ ಯೋಚಿಸಿ, ಹಸಿರು ಸೀರೆಯುಟ್ಟು, ಒಪ್ಪಿಗೆ ಹೇಳಲು ತಾನೇ ಸಿಂಧನೂರಿಗೆ ಹೋದಳು. ಅಲ್ಲಿ ಪ್ರಾರ್ಥನಾ ಸಭೆ ನಡೆಯುತ್ತಿತ್ತು. ಮೈಕಿನಲ್ಲಿ ಅವನದೇ ದನಿ!

"ಬಳಗಾನೂರಾಗ ಒಬ್ಬ ಹುಡುಗಿ... ದವಾಖಾನಿಗೆ ಹೋಗೋದು ಬಿಟ್ಟು ತಾಯಿತ ನಂಬಿ, ಒಡಹುಟ್ಟಿದ ತಂಗೀನ ಮಣ್ಣಿಗೆ ಕೊಟ್ಲು!"

ಜನ ಲೊಚಗುಟ್ಟಿದರು. ಅವನ ಕಣ್ಣು ಅವಳ ಮೇಲೆ ಬಿತ್ತು. ಮಾತು ಅಲ್ಲೇ ನಿಂತಿತು.

ಅವಳು ಓಡಿದಳು. ಆದರೆ ಸಭೆಯಲ್ಲಿ ಬಳಗಾನೂರಿನವರೂ ಇದ್ದರು; ಆ ಹುಡುಗಿ ಯಾರೆಂದು ಅವರಿಗೆ ತಿಳಿಯಿತು. ಅವಳಿಗಿಂತ ಮೊದಲು ಸುದ್ದಿ ಮನೆ ಮುಟ್ಟಿತ್ತು. ಅವ್ವ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದು ಒಂದೇ ಮಾತು: "ಖರೇನೇನು?"

ಸೂಗಮ್ಮ ತಲೆ ತಗ್ಗಿಸಿದಳು. ಅಂದಿನಿಂದ ಅವ್ವ ಅವಳೊಂದಿಗೆ ಮಾತು ಬಿಟ್ಟಳು.

ದಾನಿಯೇಲ ಬರೆದ ಪತ್ರಗಳನ್ನೆಲ್ಲ ಅವಳು ಒಡೆಯದೆ ಒಲೆಗೆ ಹಾಕಿದಳು.

ಮೂರು ವರ್ಷ ಕಳೆಯಿತು. ಗೊರೇಬಾಳದ ಶಾಲೆಯಲ್ಲಿ ಅವಳಿಗೆ ನೌಕರಿ ಸಿಕ್ಕಿತು. ಒಂದು ಮಧ್ಯಾಹ್ನ ಶಾಲೆ ಬಿಟ್ಟಾಗ, ಬೇವಿನ ಮರದ ಕೆಳಗೆ ಅವನು ನಿಂತಿದ್ದ. ಮೈತುಂಬ ಅಕ್ಕಿ ಗಿರಣಿಯ ತೌಡು.

"ಪ್ರಚಾರಕ್ಕ ಹೋಗೋದು ಬಿಟ್ಟು ಗಿರಣಿ ಕೆಲಸಕ್ಕ ಸೇರಿದೆ. ಮಂದಿ ಮುಂದ ನಿಂತ್ರ ನಿನ್ನ ಮುಖ ಕಾಣ್ತಿತ್ತು," ಎಂದ. "ನಿನ್ನ ದುಃಖಾನ ನನ್ನ ಭಾಷಣಕ್ಕ ಬಳಸಿಕೊಂಡೆ. ಚಪ್ಪಾಳಿ ಆಸೆ ಇತ್ತು, ಸೂಗವ್ವ. ನಡಿ, ನಿಮ್ಮ ಅವ್ವನ ಕಾಲು ಹಿಡೀತೀನಿ."

"ಹೋದ ಶ್ರಾವಣದಾಗ ತೀರಿಕೊಂಡ್ಲು ಅವ್ವ," ಎಂದಳು ಸೂಗಮ್ಮ. "ಕಡೀ ಸಲ ಬಾಯಾಗ ನೀರು ಬಿಡಾಕ ಹೋದೆ. ಮುಖ ತಿರುವಿದ್ಲು."

ಅವನು ನೆಲಕ್ಕೆ ಕುಸಿದು ಅತ್ತ. ಅವಳು ಸಮಾಧಾನ ಹೇಳಲಿಲ್ಲ.

"ನಿನ್ನ ಮ್ಯಾಲ ನನಗ ಇನ್ನೂ ಪ್ರೀತಿ ಐತಿ. ನಾಚಿಕಿ ಆಗ್ತೈತಿ ಹಂಗ ಅನ್ನಾಕ," ಎಂದಳು ಕೊನೆಗೆ.

"ಹೋಗು ಅಂದ್ರ ಹೋಗ್ತೀನಿ..."

"ಹೋಗು ಅನ್ನಾಕ ಆಗವಲ್ದು. ಅಮರಿ ಬಗ್ಗೆ ಮಾತಾಡಬೇಕಂದ್ರ ನನಗ ಈಗ ನೀ ಒಬ್ಬನೇ ಉಳಿದೀಯಲ್ಲೋ!"

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಕ್ಷಮಿಸಿದಿ ಏನು?"

"ಇಲ್ಲ... ಆದ್ರೂ ಇರು."