ನೀರಿನಲ್ಲಿ ಉಳಿದವನು

"ನಿಮ್ಮ ಕೆರೇಲಿ ನೀರೇ ಇಲ್ವಲ್ರೀ!"

ಅವಳು ತಿರುಗಿ ನೋಡಿದಳು. ಕೆಳಗಿನ ಮಷೀನ್ ಹಾಲ್‌ನಿಂದ ಮೆಟ್ಟಿಲು ಹತ್ತಿ ಬಂದಿದ್ದ ಅವನು ಕುರ್ಚಿಯ ಹಿಂದೆ ನಿಂತು ಸ್ಕ್ರೀನ್ ನೋಡುತ್ತಿದ್ದ. ಹೆಗಲ ಮೇಲೆ ಎಂದಿನ ಹಳದಿ ಬಟ್ಟೆ. ಮಸಿ ಒರೆಸಲೆಂದು ಇಟ್ಟುಕೊಂಡದ್ದಂತೆ; ಆದರೆ ಅದಕ್ಕೆ ಮಸಿ ತಾಗಿದ್ದನ್ನು ಯಾರೂ ಕಂಡಿರಲಿಲ್ಲ. ಪ್ರೆಸ್ಸಿನವರೆಲ್ಲ ಅವನನ್ನು 'ಹಳದಿ' ಎಂದೇ ಕರೆಯುತ್ತಿದ್ದರು.

"ಇಷ್ಟು ನೀಲಿ ಕಾಣ್ತಿಲ್ವಾ ನಿಮಗೆ?"

"ನೀಲಿ ಕಾಣ್ತಿದೆ. ನೀರು ಕಾಣ್ತಿಲ್ಲ. ಮನೇನ ತಲೆಕೆಳಗು ಮಾಡಿ ನೆಲಕ್ಕೆ ಅಂಟಿಸಿದ ಹಾಗಿದೆ."

ಅವಳಿಗೆ ಮೈಯೆಲ್ಲ ಉರಿಯಿತು. "ಪ್ರಿಂಟ್ ಮಾಡೋರು ಪ್ರಿಂಟ್ ಮಾಡಿದ್ರೆ ಸಾಕು."

"ಆಯ್ತಪ್ಪ." ಬಾಗಿಲ ಹತ್ತಿರ ನಿಂತು ತಿರುಗಿದ. "ಕೋಪ ಮಾತ್ರ ತುಂಬಾ ಚೆನ್ನಾಗಿ ಬಂದಿದೆ."

ಆಫೀಸಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ತಲೆ ನರೆತ ಯಜಮಾನರೂ ಅಕ್ಕ ಎನ್ನುತ್ತಿದ್ದರು. ಇವನೊಬ್ಬನ ಬಾಯಲ್ಲಿ ಮಾತ್ರ ಆ ಮಾತು ಒಮ್ಮೆಯೂ ಬಂದಿರಲಿಲ್ಲ.

ಅವನು ಹೋದ ಮೇಲೆ ಅವಳು ಚಿತ್ರವನ್ನು ಮತ್ತೆ ನೋಡಿದಳು. ಕ್ಯಾಲೆಂಡರಿನ ಒಂದು ಪುಟ ಅದು. ಕೆರೆಯ ಆಚೆ ದಡದಲ್ಲಿ ಕೆಂಪು ಹೆಂಚಿನ ಮನೆ, ಅದರ ಮುಂದೆ ನೀರಿಗೆ ಚಾಚಿದ ಮರದ ಹಲಗೆಯ ಕಟ್ಟೆ, ಕಟ್ಟೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಕೆಂಪು ಶಾಲಿನ ಹೆಂಗಸು. ಇಷ್ಟನ್ನೂ ಸೆಲೆಕ್ಟ್ ಮಾಡಿ, ಕಾಪಿ ತೆಗೆದು, ತಲೆಕೆಳಗು ಮಾಡಿ, ಬಣ್ಣ ತುಸು ತೆಳುವಾಗಿಸಿ ಕೆಳಗೆ ಇಟ್ಟಿದ್ದಳು. ಬಡ್ಡಿಮಗ ಹೇಳಿದ್ದು ನಿಜವೇ.

ಊಟದ ಡಬ್ಬಿ ತೊಳೆಯಲು ಹೋದಾಗ ಅವಳು ನೀರು ತುಂಬಿದ ಬೋಗುಣಿಯ ಪಕ್ಕ ಲೋಟವನ್ನಿಟ್ಟು ಬಗ್ಗಿ ನೋಡುತ್ತಾ ನಿಂತುಬಿಟ್ಟಳು. ನಲ್ಲಿಯಿಂದ ತೊಟ್ಟು ಬಿದ್ದಾಗಲೆಲ್ಲ ಲೋಟದ ಪ್ರತಿಬಿಂಬ ಪಟ್ಟಿ ಪಟ್ಟಿಯಾಗಿ ಒಡೆಯುತ್ತಿತ್ತು. ಹತ್ತಿರದ ಪಟ್ಟಿಗಳು ಅಗಲ, ದೂರದವು ನೂಲಿನಷ್ಟು ಸಣ್ಣ. ಬೆಳ್ಳಗಿದ್ದದ್ದು ನೀರಿನಲ್ಲಿ ಅಷ್ಟು ಬೆಳ್ಳಗಿರಲಿಲ್ಲ. ಕಪ್ಪಗಿದ್ದದ್ದು ಅಷ್ಟು ಕಪ್ಪಗಿರಲಿಲ್ಲ. ಒಡಕಿನ ಸಂದಿನಲ್ಲಿ ಕಿಟಕಿಯ ಬೆಳಕು ಇಣುಕುತ್ತಿತ್ತು.

ಕೈ ಒರೆಸಿಕೊಳ್ಳದೆಯೇ ಓಡಿಬಂದು ಕುಳಿತಳು. ತಲೆಕೆಳಗಾದ ಮನೆಯನ್ನು ಅಲೆಯಂಚಿನ ಪಟ್ಟಿಗಳಾಗಿ ಕತ್ತರಿಸಿದಳು. ಮುಂದೆ ಬಂದಂತೆ ಅಗಲ ಮಾಡಿದಳು. ಬಣ್ಣಗಳನ್ನು ಒಂದಕ್ಕೊಂದು ಹತ್ತಿರ ತಂದು, ಸಂದುಗಳಲ್ಲಿ ಆಕಾಶದ ಬಣ್ಣ ಎಳೆದಳು. ಕಟ್ಟೆಯ ಕಂಬ ನೀರು ಮುಟ್ಟುವಲ್ಲಿ ಒಂದು ತೆಳುವಾದ ಕಪ್ಪು ಗೆರೆ.

ಮರುದಿನ ಅವನು ಬಂದು ಸ್ಕ್ರೀನ್ ನೋಡಿದ. ಮೆಲ್ಲಗೆ ಪ್ಯಾಂಟಿನ ಅಂಚನ್ನು ಮೇಲಕ್ಕೆತ್ತಿಕೊಂಡ.

"ಏನು ಮಾಡ್ತಿದೀರಾ?"

"ಒದ್ದೆಯಾಗತ್ತಲ್ರೀ."

ಅವಳು ನಗು ತಡೆಯಲು ನೋಡಿದಳು, ಆಗಲಿಲ್ಲ. ಅಂದಿನಿಂದ ಊಟದ ಹೊತ್ತಿಗೆ ಅವನ ಡಬ್ಬಿ ಮೇಲಿನ ರೂಮಿಗೆ ಬರತೊಡಗಿತು.

"ಈ ಹೆಂಗಸು ಒಬ್ಬಳೇ ಯಾಕೆ ಕೂತಿದಾಳೆ?" ಎಂದು ಒಂದು ದಿನ ಕೇಳಿದ.

"ಕ್ಲೈಂಟ್ ಕೆರೆ ಕೇಳಿದಾರೆ, ಜನ ಕೇಳಿಲ್ಲ. ಕೆಂಪು ಶಾಲು ನೀರಲ್ಲಿ ಚೆನ್ನಾಗಿ ಒಡೆಯತ್ತೆ ಅಂತ ನಾನೇ ಕೂರಿಸಿದೆ."

"ಶಾಲಿಗೋಸ್ಕರ ಕೂರಿಸಿದ್ರಾ? ಪಾಪ, ಅವಳಿಗೆ ಬೇಜಾರಾಗಲ್ವಾ?"

ಅವನು ಚಿತ್ರವನ್ನು ನೋಡುತ್ತಿರಲಿಲ್ಲ. ಅದು ಗೊತ್ತಾಗಿ, ಅವಳು ಅಗತ್ಯವಿಲ್ಲದಿದ್ದರೂ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ, ಒಂದೇ ಹೆಂಚು ಸ್ಕ್ರೀನ್ ತುಂಬುವವರೆಗೆ ತಂದು ನಿಲ್ಲಿಸಿದಳು.

ಅವನು ಇಳಿದು ಹೋದ ಮೇಲೆ, ಸುಮ್ಮನೆ ತನಗಾಗಿ, ಹೆಂಗಸಿನ ಪಕ್ಕ ಒಬ್ಬನನ್ನು ಕೂರಿಸಿದಳು. ಹೆಗಲ ಮೇಲೆ ಚೂರು ಹಳದಿ. ಅವನ ಪ್ರತಿಬಿಂಬವನ್ನೂ ಪಟ್ಟಿ ಪಟ್ಟಿ ಮಾಡಿ ನೀರಿಗೆ ಬಿಟ್ಟಳು. ಕೈತಪ್ಪಿ ಏನೂ ಕದಲದಿರಲೆಂದು ನೀರಿನ ಚಿತ್ರವಿದ್ದ ಪ್ರತ್ಯೇಕ ಪದರಕ್ಕೆ, ಅಂದರೆ ಲೇಯರ್‌ಗೆ, ಬೀಗ ಹಾಕಿದಳು.

ಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಅವರ ಮಗ, ಅವಳ ಗಂಡ, ತೀರಿಕೊಂಡ ಮೇಲೂ ಅತ್ತೆ-ಸೊಸೆ ಒಂದೇ ಸೂರಿನಡಿ ಇದ್ದರು.

"ಏನೇ ಇದು, ಮುಖಕ್ಕೆ ದೀಪ ಹಚ್ಕೊಂಡು ಬಂದಿದೀಯ?"

"ಏನಿಲ್ಲ ಅತ್ತೆ. ಚಿತ್ರದ ನೀರು ಸರಿಹೋಯ್ತು."

"ನೀರು ಸರಿಹೋದ್ರೆ ಯಾರಾದ್ರೂ ಇಷ್ಟು ನಗ್ತಾರಾ? ನನ್ನ ಕಿವಿಗೆ ಹೂವಿಡಬೇಡ." ಒಂದು ಕಾಯಿ ಬಿಡಿಸಿ, ಕಾಳನ್ನು ಸೊಸೆಯ ಅಂಗೈಗೆ ಉದುರಿಸಿದರು. "ಅವನು ಹೋದ. ನಾವಿಬ್ರೂ ಉಳಕೊಂಡ್ವಿ. ಉಳಕೊಂಡ ಮೇಲೆ ಬದುಕಬೇಕಮ್ಮ, ಬರೀ ಉಳಿದ್ರೆ ಸಾಲದು."

ಮರುದಿನ ಅವನು ಡಬ್ಬಿಯನ್ನು ತೆರೆಯಲೇ ಇಲ್ಲ.

"ನಮ್ಮಣ್ಣ ಬೇರೆ ಊರಲ್ಲಿ ಹೊಸ ಪ್ರೆಸ್ ಹಾಕಿದಾನೆ. ಬಾ ಬಾ ಅಂತ ಜೀವ ತಿಂತಿದಾನೆ. ಕ್ಯಾಲೆಂಡರ್ ಮುಗಿಸಿ ಹೇಳ್ತೀನಿ ಅಂದಿದೀನಿ."

ಏನನ್ನೋ ಕಾಯುವವನಂತೆ ಹಳದಿ ಬಟ್ಟೆಯ ಅಂಚನ್ನು ಮಡಿಸಿದ, ಬಿಚ್ಚಿದ.

ಹೋಗಬೇಡಿ ಎಂಬ ಮಾತು ಅವಳ ಗಂಟಲವರೆಗೆ ಬಂದಿತ್ತು. "ಸ್ವಂತದ್ದು ಅಂದ್ರೆ ಒಳ್ಳೇದೇ ಅಲ್ವಾ," ಎಂದಳು.

"ಹೌದು. ಒಳ್ಳೇದೇ." ಡಬ್ಬಿ ಎತ್ತಿಕೊಂಡು ಎದ್ದ.

ಮೆಟ್ಟಿಲ ಸದ್ದು ಅಡಗಿದ ಮೇಲೆ ಅವಳು ಚಿತ್ರ ತೆರೆದಳು. ಈ ವಯಸ್ಸಿನಲ್ಲಿ ಇದೆಂಥ ಹುಡುಗಾಟ ಎಂದುಕೊಂಡು ಕಟ್ಟೆಯ ಮೇಲಿನವನನ್ನು ಒತ್ತಿದಳು, ಅಳಿಸಿದಳು. ಕಣ್ಣು ಮಂಜಾಗಿತ್ತು. ಪೂರ್ತಿ ಚಿತ್ರವನ್ನು ಇನ್ನೊಮ್ಮೆ ನೋಡದೆ ಸೇವ್ ಮಾಡಿ, ಫೈಲ್ ಮುಚ್ಚಿ, ಕೆಳಗೆ ಕಳಿಸಿಬಿಟ್ಟಳು.

ಮಾರನೆಯ ಬೆಳಿಗ್ಗೆ ಅವನು ಪರೀಕ್ಷೆಗೆಂದು ಅಚ್ಚು ಹಾಕಿದ ಪ್ರೂಫ್ ಹಾಳೆ ಹಿಡಿದು ಬಂದ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಒಂದು ತಪ್ಪಿದೆ."

"ಬಣ್ಣದಲ್ಲಾ?"

"ಜನದಲ್ಲಿ." ಹಾಳೆಯನ್ನು ಅವಳೆದುರು ತೋಳಿನಷ್ಟು ದೂರಕ್ಕೆ ಎತ್ತಿ ಹಿಡಿದ. "ಕಟ್ಟೆ ಮೇಲೆ ಒಬ್ಬಳೇ ಇದಾಳೆ. ನೀರಲ್ಲಿ ಇಬ್ಬರಿದಾರೆ."

ಅವಳು ಹಾಳೆಯತ್ತ ಬಾಗಿದಳು. ಮೇಲಿನದನ್ನು ಅಳಿಸಿದರೆ ನೀರಿನ ಕಾಪಿ ತಾನಾಗಿ ಹೋಗುವುದಿಲ್ಲ. ಬೀಗ ಹಾಕಿದ ಲೇಯರಿನಲ್ಲಿ ಅವನು ಹಾಗೇ ಕುಳಿತಿದ್ದ. ಕೆಂಪು ಪಟ್ಟಿಗಳ ಪಕ್ಕದಲ್ಲಿ, ಅಲೆಯಿಂದ ಅಲೆಗೆ ಒಡೆದು ಕೂಡುತ್ತಾ, ಹಳದಿ.

"ಕೊಡಿ ಇಲ್ಲಿ, ಅಳಿಸ್ತೀನಿ." ಹಾಳೆಗೆ ಕೈ ಹಾಕಿದಳು.

ಅವನು ಬಿಡಲಿಲ್ಲ. "ಅದೊಂದೇ ದಾರಿ ಅಲ್ವಲ್ಲ. ಇವನನ್ನ ನೀರಿಂದ ತೆಗೀಬಹುದು. ಇಲ್ಲಾಂದ್ರೆ ಮೇಲೆ ಕೂರಿಸಬಹುದು. ಎರಡ್ರಲ್ಲಿ ಯಾವುದು ಅಂತ ನೀವೇ ಹೇಳಬೇಕು. ಮಷೀನ್ ನಿಂತಿದೆ." ದನಿ ತಗ್ಗಿತು. "ನಾನೂ ನಿಂತಿದೀನಿ."

ಕೆಳಗಿನಿಂದ ಯಜಮಾನರು ಕೂಗಿದರು. "ಅಕ್ಕಾ! ಏನಂತೆ ತೊಂದರೆ?"

"ಒಬ್ಬ ಮನುಷ್ಯ ಬಿಟ್ಟುಹೋಗಿದಾನೆ ಸಾರ್," ಎಂದು ಅವನೇ ಉತ್ತರ ಕೊಟ್ಟ. "ಹುಡುಕ್ತಿದೀವಿ."

ಅವಳು ಫೈಲ್ ತೆರೆದಳು. ನೀರಿನಲ್ಲಿದ್ದವನನ್ನೇ ತಿರುಗಿಸಿ ಮೇಲೆ ಕೂರಿಸೋಣವೆಂದರೆ ಅವನು ಚೂರು ಚೂರು, ಮುಖವಿಲ್ಲ, ಭುಜವಿಲ್ಲ. ಅಳಿಸಿದ್ದನ್ನು ಹಿಂದಕ್ಕೆ ತರೋಣವೆಂದರೆ ಫೈಲ್ ಒಮ್ಮೆ ಮುಚ್ಚಿದ್ದಾಗಿತ್ತು, ಇನ್ನು ಅದು ಬಾರದು. ಅವಳು ಮೂಲೆಯ ಸ್ಟೂಲನ್ನು ಕಾಲಿನಿಂದ ಅವನತ್ತ ತಳ್ಳಿದಳು.

"ಕೂತ್ಕೊಳ್ಳಿ."

"ಯಾಕೆ?"

"ಮೊದಲನೇ ಸಲ ನೋಡದೇ ಬರೆದಿದ್ದೆ. ಈ ಸಲ ನೋಡ್ಕೊಂಡು ಬರೀತೀನಿ."

ಅವನು ಕುಳಿತ. ಹೆಗಲ ಬಟ್ಟೆಯನ್ನು ನೇರ ಮಾಡಿಕೊಂಡ, ಅದು ಇನ್ನಷ್ಟು ಸೊಟ್ಟಗಾಯಿತು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಇಷ್ಟು ದಿನ ಕದ್ದು ಕದ್ದು ನೋಡಿದ ಮುಖ. ಎಡಗೆನ್ನೆಯ ಮೇಲೊಂದು ಸಣ್ಣ ಮಚ್ಚೆ ಇದೆಯೆಂದು ಈಗ ತಿಳಿಯಿತು.

"ಅಣ್ಣನಿಗೆ ಏನು ಹೇಳ್ಲಿ?"

"ಇಲ್ಲೊಬ್ಬಳು ಹೋಗಬೇಡ ಅಂದ್ಳು ಅಂತ ಹೇಳಿ." ಎಳೆದ ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆದಳು. "ಅಲುಗಾಡಬೇಡಿ."

"ನಗಬಹುದಾ?"

"ನಗಿ," ಎಂದಳು. "ನೀರಲ್ಲಿರೋನಿಗೆ ಅದೊಂದನ್ನ ಮರೆತುಬಿಟ್ಟಿದ್ದೆ."