ಎಂಟು ಲಕ್ಷ ಜಾಸ್ತಿ

ಬಾಗಿಲು ತೆರೆದದ್ದೇ ತಡ, ಮೂವತ್ತಾರು ಬಾಯಿಗಳು ಅವಳನ್ನು ನೋಡಿ ನಕ್ಕವು.

ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಂದು ಕೈಯಲ್ಲಿ ಅಳತೆ ಟೇಪು, ಇನ್ನೊಂದರಲ್ಲಿ ರಟ್ಟಿನ ಪ್ಯಾಡು. ಎದುರು ಗೋಡೆಯ ಕಪಾಟಿನ ತುಂಬ ಕಟ್ಟುಹಲ್ಲಿನ ಸೆಟ್ಟುಗಳು... ಗುಲಾಬಿ ಒಸಡು, ಬಿಳಿ ಹಲ್ಲು, ಮುಖವೇ ಇಲ್ಲದ ನಗು.

"ಹೆದರಬೇಡಿ, ಕಚ್ಚಲ್ಲ. ಇನ್ನೂ ಯಾರ ಬಾಯಿಗೂ ಹೋಗಿಲ್ಲ" ಎಂದ, ಕಿಟಕಿಯ ಬಳಿ ಕೂತು ಪುಟ್ಟ ಅರದಿಂದ ಏನನ್ನೋ ಉಜ್ಜುತ್ತಿದ್ದವನು, ತಲೆ ಎತ್ತದೆ.

ದಂತವೈದ್ಯರು ಅಚ್ಚು ಕಳಿಸುತ್ತಾರೆ, ಇವನು ಹಲ್ಲು ಮಾಡಿಕೊಡುತ್ತಾನೆ. ಬೀದಿಯವರೆಲ್ಲ ಅವನನ್ನು ಹಲ್ಲಿನ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವಳಿಗೂ ಒಂದು ಅಡ್ಡಹೆಸರಿತ್ತು, ತಕ್ಕಡಿ. ಮನೆ ಮಾರಿಸಿಕೊಡುವ ಏಜೆಂಟರ ಆಫೀಸಿನಲ್ಲಿ, ಯಾವ ಮನೆಗೆ ಎಷ್ಟು ಬರುತ್ತದೆ ಎಂದು ಅಂದಾಜು ಬರೆಯುವುದು ಅವಳ ಕೆಲಸ. ಆರು ವರ್ಷದಲ್ಲಿ ಅವಳು ಬರೆದ ಬೆಲೆಗೂ ಮನೆ ಮಾರಾಟವಾದ ಬೆಲೆಗೂ ಹೆಚ್ಚು ಅಂತರ ಬಿದ್ದಿರಲಿಲ್ಲ.

ಅವನು ನೇರವಾಗಿ ವಿಷಯಕ್ಕೆ ಬಂದ.

"ಇದೇ ಮನೆ, ಇದೇ ಗೋಡೆ. ಮೊನ್ನೆ ಬಂದ ಏಜೆಂಟರು ಐವತ್ತು ಲಕ್ಷ ಅಂದ್ರು. ನಿನ್ನೆ ಬಂದವರು ಐವತ್ತೆರಡು ಅಂದ್ರು. ಇಬ್ಬರಲ್ಲಿ ಯಾರು ಸುಳ್ಳು ಹೇಳ್ತಿರೋದು?"

"ಇಬ್ಬರೂ. ಐವತ್ತೆರಡು ಅಂದವರಿಗೆ ಧೈರ್ಯ ಸ್ವಲ್ಪ ಜಾಸ್ತಿ, ಅಷ್ಟೇ."

ಆಗ ಅವನು ತಲೆ ಎತ್ತಿದ. ನಕ್ಕ. ಕಪಾಟಿನ ಮೂವತ್ತಾರು ನಗುಗಳಿಗಿಂತ ಇದು ಬೇರೆ ತರಹದ್ದು, ಒಂದು ಕಡೆಗೆ ಸ್ವಲ್ಪ ಓರೆ. ಅವಳು ಟೇಪಿನ ತುದಿಯನ್ನು ಗೋಡೆಗೆ ಒತ್ತಿದಳು. ಕೈ ಜಾರಿತು. ಆರು ವರ್ಷದಲ್ಲಿ ಟೇಪು ಜಾರಿದ್ದು ಅದೇ ಮೊದಲು.

ಅಳೆಯುತ್ತ ಅಳೆಯುತ್ತ ಅವಳು ತನ್ನ ಕಸುಬಿನ ಗುಟ್ಟನ್ನು ಬಿಚ್ಚಿಟ್ಟಳು. ಮನೆ ತಮ್ಮ ಕೈಗೆ ಬರಲಿ ಎಂದು ಏಜೆಂಟರು ಮೊದಲು ಬೆಲೆಯನ್ನು ಮುಗಿಲಿಗೇರಿಸುತ್ತಾರೆ. ಸ್ವಂತ ಮನೆಯನ್ನು ಹೊಗಳಿದರೆ ಯಾರಿಗೆ ಬೇಡ? ಕರಾರಿಗೆ ಸಹಿ ಬಿದ್ದ ಮೇಲೆ, ಯಾಕೋ ಗಿರಾಕಿಗಳೇ ಬರುತ್ತಿಲ್ಲ ಸಾರ್ ಎಂದು ವಾರಕ್ಕಿಷ್ಟು ಇಳಿಸುತ್ತ ಬರುತ್ತಾರೆ. ಅವಳ ಆಫೀಸಿನ ಯಜಮಾನರು ಇದಕ್ಕೆ ಸಕ್ಕರೆ ಹಾಕೋದು ಎನ್ನುತ್ತಿದ್ದರು. ಅವಳು ಸಕ್ಕರೆ ಹಾಕುವವಳಲ್ಲ. ಅಕ್ಕಪಕ್ಕ ಈಚೆಗೆ ಮಾರಾಟವಾದ ಮೂರು ಮನೆಯ ದರ ನೋಡುವುದು, ಗೋಡೆಯ ತೇವಕ್ಕೆ ಕಳೆಯುವುದು, ಗಾಳಿ ಬೆಳಕಿಗೆ ಕೂಡಿಸುವುದು. ಅಷ್ಟೇ.

"ಹಾಗಾದ್ರೆ ನೀವು ಹೇಳಿದ್ದೇ ನಂಗೆ ಬೆಲೆ. ಬೇರೆಯವರ ಮಾತು ಕಿವಿಗೂ ಹಾಕ್ಕೊಳ್ಳಲ್ಲ" ಎಂದ ಅವನು.

ಮಾರುವುದು ಯಾಕೆ ಎಂದು ಅವಳು ಕೇಳಿದಳು. ಅದೂ ನಮೂನೆಯಲ್ಲಿದ್ದ ಪ್ರಶ್ನೆಯೇ. ಆರು ಗಂಟೆ ರೈಲು ಪ್ರಯಾಣದಷ್ಟು ದೂರದ ಊರಿನಲ್ಲಿ ದೊಡ್ಡ ಹಲ್ಲಿನ ಲ್ಯಾಬು ಇದೆಯಂತೆ. ಅದರ ಒಡೆಯ ಅರ್ಧ ಪಾಲು ಕೊಡಲು ಒಪ್ಪಿದ್ದಾನಂತೆ, ಆದರೆ ತಿಂಗಳ ಕೊನೆಯೊಳಗೆ ಹಣ ಕಟ್ಟಬೇಕು. ಹನ್ನೆರಡು ವರ್ಷ ಈ ಕಿಟಕಿಯ ಬಳಿ ಒಬ್ಬನೇ ಕೂತು ಉಜ್ಜಿದವನಿಗೆ ಅದು ಮತ್ತೆ ಸಿಗುವ ಅವಕಾಶವಲ್ಲ.

ಅವಳು ಹೊರಡುವಾಗ ಅವನು ಅವಳ ಮುಖವನ್ನೇ ನೋಡಿ, ಏನೋ ತೂಗಿ ನೋಡಿದವನಂತೆ ಹೇಳಿದ. "ನಿಮ್ಮ ಎಡಗಡೆ ಕೋರೆಹಲ್ಲು ಒಂಚೂರು ಒಳಗೆ ತಿರುಗಿದೆ. ಯಾರಾದ್ರೂ ಸರಿ ಮಾಡಿಸಿ ಅಂದ್ರೆ ಕೇಳಬೇಡಿ."

ಬಸ್ಸಿನಲ್ಲಿ ಕೂತವಳು ಎರಡು ನಿಲ್ದಾಣ ಮುಂದೆ ಹೋಗಿ ಇಳಿದಳು.

*

ಆಫೀಸಿನಲ್ಲಿ ಅವಳು ಲೆಕ್ಕ ಹಾಕಿದಳು. ನಲವತ್ತೊಂದು ಲಕ್ಷ. ಮತ್ತೆ ಹಾಕಿದಳು. ನಲವತ್ತೊಂದೇ. ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ.

ನಲವತ್ತೊಂದಕ್ಕೆ ಮನೆ ಎರಡು ವಾರದಲ್ಲಿ ಹೋಗುತ್ತದೆ. ಮೂರನೇ ವಾರ ಅವನು ಹೋಗುತ್ತಾನೆ...

ಕಿಟಕಿಯ ಬೆಳಕಿಗೆ ಇನ್ನೊಂದೆರಡು ಲಕ್ಷ ಕೊಡಬಹುದಲ್ಲ, ಎಂದಿತು ಮನಸ್ಸು. ಹಿತ್ತಿಲ ಬಾವಿಗೆ ಒಂದು. ಬೀದಿ ಶಾಂತವಾಗಿದೆ, ಅದಕ್ಕೆ ಎರಡು. (ಬೀದಿಯ ಕೊನೆಯಲ್ಲಿ ತಗಡು ಬಡಿಯುವ ಅಂಗಡಿಯಿತ್ತು. ಮನಸ್ಸಿಗೆ ಕಿವಿ ಕೇಳಿಸಲಿಲ್ಲ.) ಮೆಟ್ಟಿಲು ಚೆನ್ನಾಗಿದೆ. ಕದ ಚೆನ್ನಾಗಿದೆ. ಕದ ತೆರೆಯುವವನು...

ನಲವತ್ತೊಂಬತ್ತು ಎಂದು ಬರೆದು ಸಹಿ ಹಾಕಿದಳು.

ಯಜಮಾನರು ಕಾಗದ ನೋಡಿ ಕನ್ನಡಕ ಒರೆಸಿಕೊಂಡರು. ಕೊನೆಗೂ ಹುಡುಗಿಗೆ ವ್ಯಾಪಾರ ಹತ್ತಿತು ಎಂದು ಅವರಿಗೆ ಸಂತೋಷ. ಅವಳಿಗೆ ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು. ಅಮ್ಮ, ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯೇನೇ ಎಂದು ಗದರಿದರು.

ಆದರೆ ಗಿರಾಕಿಗಳನ್ನು ಕರೆದುಕೊಂಡು ಹೋಗುವ ನೆಪವಿತ್ತು. ವಾರಕ್ಕೆ ಎರಡು ಸಲ, ಮೂರು ಸಲ. ಬಂದವರು ಹಲ್ಲು ನೋಡಿ ಬೆಚ್ಚುತ್ತಿದ್ದರು, ಬೆಲೆ ಕೇಳಿ ಇನ್ನೊಮ್ಮೆ ಬೆಚ್ಚುತ್ತಿದ್ದರು, ಹೋಗುತ್ತಿದ್ದರು. ಅವಳು ಉಳಿಯುತ್ತಿದ್ದಳು. ಅವನು ಚಹಾ ಮಾಡುತ್ತಿದ್ದ. ಯಾವ ಹಲ್ಲು ಯಾರದ್ದೆಂದು ಹೇಳುತ್ತಿದ್ದ. ಇದು ಮಾತೇ ನಿಲ್ಲಿಸದ ವಕೀಲರದ್ದು, ವರ್ಷಕ್ಕೊಂದು ಸೆಟ್ಟು ಸವೆಸುತ್ತಾರೆ. ಇದು ಒಬ್ಬ ಅಜ್ಜಿಯದ್ದು, ಮದುವೆಮನೆಗೆ ಮಾತ್ರ ಹಾಕಿಕೊಳ್ಳಲು ಮಾಡಿಸುತ್ತಿದ್ದಾರೆ.

ನಗುನಗುತ್ತಲೇ ಅವಳು ತಾನು ಸಹಿ ಹಾಕಿದ ಆ ಕಾಗದವನ್ನು ನೆನೆಯುತ್ತಿದ್ದಳು. ಇವನು ನನ್ನನ್ನು ನಂಬಿದ್ದಾನೆ. ಅದಕ್ಕೇ ಇಲ್ಲಿ ಕೂತಿದ್ದಾನೆ...

ಮೂರನೇ ವಾರ ನಿವೃತ್ತ ರೈಲು ಚಾಲಕರೊಬ್ಬರು ಹೆಂಡತಿಯೊಡನೆ ಬಂದರು. ಅವರು ಹಲ್ಲಿಗೆ ಹೆದರಲಿಲ್ಲ. ಇಬ್ಬರ ಬಾಯಲ್ಲೂ ಅವನೇ ಮಾಡಿದ ಸೆಟ್ಟಿತ್ತು! ಮನೆಯನ್ನು ಎರಡು ಸುತ್ತು ನೋಡಿ, ನಲವತ್ತೊಂದು ಕೊಡುತ್ತೇವೆ ಎಂದರು. ಅವಳು ನೆಲ ನೋಡಿದಳು.

ಅವನು ವಿನಯದಿಂದಲೇ ಆಗದು ಎಂದ. ತಕ್ಕಡಿಯವರು ನಲವತ್ತೊಂಬತ್ತು ಅಂದಿದ್ದಾರೆ, ಅವರು ತಪ್ಪಿದ್ದು ಈ ಊರಲ್ಲಿ ಯಾರಿಗೂ ಗೊತ್ತಿಲ್ಲ ಎಂದ.

ಎರಡು ದಿನ ಕಳೆದು ಅವನ ಅಕ್ಕ ಆಫೀಸಿಗೇ ಬಂದಳು. ಸಣ್ಣ ಆಳು, ದೊಡ್ಡ ಚೀಲ, ಅದಕ್ಕಿಂತ ದೊಡ್ಡ ಬಾಯಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನೋಡಮ್ಮ, ಶನಿವಾರಕ್ಕೆ ಗಡುವು. ದಾಟಿದ್ರೆ ಆ ಪಾಲು ಬೇರೆಯವರಿಗೆ. ನನ್ನ ತಮ್ಮ ನಿನ್ನ ಕಾಗದಾನ ಜೇಬಲ್ಲಿಟ್ಟುಕೊಂಡು ತಿರುಗ್ತಾನೆ. ಆ ಬೆಲೆ ಬರುತ್ತೋ ಇಲ್ವೋ, ನಂಗೆ ಇದೊಂದೇ ಮಾತು ಹೇಳು."

ಅವಳು ಎದ್ದಳು. ನಿಮ್ಮ ತಮ್ಮನಿಗೇ ಹೇಳುತ್ತೇನೆ ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಆ ದಿನ ಬಸ್ಸಿಗೂ ಕಾಯಲಿಲ್ಲ.

*

"ನಲವತ್ತೊಂಬತ್ತು ಬರಲ್ಲ. ಯಾವತ್ತೂ ಬರಲ್ಲ. ನಲವತ್ತೊಂದೇ ಸರಿ. ನಂಗೆ ಮೊದಲ ದಿನಾನೇ ಗೊತ್ತಿತ್ತು."

ಅರದ ಸದ್ದು ನಿಂತಿತು. ಅವನು ಕೈಯಲ್ಲಿದ್ದ ಹಲ್ಲನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟ. ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಾನು ಒಂದು ಹಲ್ಲು ಕೂದಲೆಳೆಯಷ್ಟು ಎತ್ತರ ಮಾಡಿದ್ರೆ ಯಾರೋ ಮುದುಕರು ಊಟ ಬಿಡ್ತಾರೆ" ಎಂದ. "ನೀವು ಎಂಟು ಲಕ್ಷ ಎತ್ತರ ಮಾಡಿದೀರಿ. ನಿಮ್ಮ ಯಜಮಾನರು ಹಾಕಿಸಿದ ಸಕ್ಕರೇನಾ?"

ಹೂಂ ಅಂದುಬಿಡಬಹುದಿತ್ತು. ಅವನೂ ನಂಬುತ್ತಿದ್ದ. ತಪ್ಪಿಸಿಕೊಳ್ಳುವ ಆ ಬಾಗಿಲನ್ನು ಅವಳು ಒಂದು ಕ್ಷಣ ನೋಡಿದಳು, ತಾನೇ ಮುಚ್ಚಿದಳು.

"ಅಲ್ಲ. ನಾನೇ. ಮನೆ ಮಾರಾಟ ಆಗದೇ ಇರಲಿ ಅಂತ."

"ಯಾಕೆ?"

ಉತ್ತರ ಅವಳ ಮುಖದ ಮೇಲೆಯೇ ಇತ್ತು. ಅವನು ಓದಿದನೋ ಇಲ್ಲವೋ... ಕಿಟಕಿಯ ಕಡೆ ತಿರುಗಿ, ನೀವಿನ್ನು ಹೊರಡಿ ಎಂದ. ಅವಳು ಹೊರಟಳು.

ಹೊರಟವಳು ಮನೆಗೆ ಹೋಗಲಿಲ್ಲ. ರೈಲು ಚಾಲಕರ ಮನೆಗೆ ಹೋದಳು; ಅವರು ಬೇರೊಂದು ಮನೆಗೆ ಮುಂಗಡ ಕೊಡಲಿದ್ದರು. ಅವರ ಮುಂದೆ ನಿಂತು, ನನ್ನ ಅಂದಾಜು ತಪ್ಪು, ಮನೆಯದ್ದೇನೂ ತಪ್ಪಿಲ್ಲ ಎಂದು ಒಪ್ಪಿಕೊಂಡಳು. ಆರು ವರ್ಷದ ಹೆಸರು ಆ ಒಂದೇ ವಾಕ್ಯದಲ್ಲಿ ಮಣ್ಣುಪಾಲಾಯಿತು. ಚಾಲಕರು ನಲವತ್ತೂವರೆಗೆ ಇಳಿದು ನಿಂತರು. ಶುಕ್ರವಾರ ಕರಾರಾಯಿತು, ಶನಿವಾರ ಪಾಲಿನ ಹಣ ಲ್ಯಾಬಿಗೆ ಹೋಯಿತು. ಮೂರು ದಿನದಲ್ಲಿ ಕಪಾಟಿನಲ್ಲಿ ಉಳಿದಿದ್ದ ನಗುಗಳನ್ನೂ ಹತ್ತಿಯಲ್ಲಿ ಸುತ್ತಿಕೊಂಡು ಅವನು ಊರು ಬಿಟ್ಟ.

ಅವಳಿಗೆ ಒಂದು ಮಾತೂ ಹೇಳಲಿಲ್ಲ.

*

ಆಮೇಲಿನ ದಿನಗಳಲ್ಲಿ ಅವಳು ಒಂದೊಂದು ಮನೆಯನ್ನು ಮೂರು ಮೂರು ಸಲ ಅಳೆದಳು. ಸಹಿ ಹಾಕುವ ಮುಂಚೆ ಪೆನ್ನು ಗಾಳಿಯಲ್ಲೇ ನಿಲ್ಲುತ್ತಿತ್ತು. ತಕ್ಕಡಿಗೆ ತುಕ್ಕು ಹಿಡಿಯಿತು ಎಂದು ಯಜಮಾನರು ನಿಟ್ಟುಸಿರಿಟ್ಟರು. ಮನೆಯಲ್ಲಿ ಅಮ್ಮನ ಬೈಗುಳವೂ ನಿಂತಿತ್ತು. ಅಮ್ಮ ಬೈಯುವುದು ನಿಲ್ಲಿಸಿದರೆ ವಿಷಯ ಗಂಭೀರ ಎಂದರ್ಥ.

ಸರಿ ಹೇಳಿದ್ದಾಯಿತು, ಮನೆ ಮಾರಿದ್ದೂ ಆಯಿತು. ಇನ್ನೂ ಯಾಕೆ ಈ ಚಡಪಡಿಕೆ?

ನಲವತ್ತನೆಯ ದಿನ, ಮಟಮಟ ಮಧ್ಯಾಹ್ನ, ಆಫೀಸಿನ ಬಾಗಿಲಲ್ಲಿ ಅವನು ನಿಂತಿದ್ದ. ಕೈಯಲ್ಲೊಂದು ಚೀಲ, ಅಂಗಿಯ ಮೇಲೆ ರೈಲಿನ ಸುಕ್ಕು. ಯಜಮಾನರು, ಮೊದಲ ಸಲ ಸಮಯ ಅರಿತವರಂತೆ, ಊಟಕ್ಕೆ ಹೋಗುವೆನೆಂದು ಎದ್ದರು. ಊಟ ಮುಗಿಸಿ ಬಂದು ಕಾಲು ಗಂಟೆಯಾಗಿತ್ತಷ್ಟೇ.

"ಇಪ್ಪತ್ತು ದಿನ ಕೋಪ ಇತ್ತು" ಎಂದ ಅವನು, ಕುರ್ಚಿಯ ಬೆನ್ನು ಹಿಡಿದು. "ಉಳಿದ ಇಪ್ಪತ್ತು ದಿನ, ಏನು ಹೇಳ್ಕೊಂಡು ಬರೋದು ಅಂತ ಯೋಚನೆ."

ಅವಳು ಎದ್ದು ನಿಂತಳು. ಇಬ್ಬರ ನಡುವೆ ಟೇಬಲ್ ಇತ್ತು.

"ಕೋಪ ಎಂಟು ಲಕ್ಷಕ್ಕಲ್ಲ. ಹೋಗಬೇಡಿ ಅನ್ನೋಕೆ ಒಂದು ಮಾತು ಸಾಕಿತ್ತಲ್ರೀ. ಪುಕ್ಕಟೆ ಮಾತು!"

"ಹೇಳಿದ್ರೆ ಹೋಗ್ತಿರಲಿಲ್ವಾ?"

"ಹೋಗ್ತಿದ್ದೆ." ಅವನ ನಗು ಓರೆಯಾಯಿತು. "ಒಬ್ಬನೇ ಹೋಗ್ತಿರಲಿಲ್ಲ."

ಅವಳ ಕಣ್ಣು ತುಂಬಿತು. ಒರೆಸಲು ಕೈಗೆ ಸಿಕ್ಕಿದ್ದು ಯಾರದೋ ಮನೆಯ ನಕ್ಷೆ.

ಲ್ಯಾಬಿನ ಹತ್ತಿರ ಒಂದು ಬಾಡಿಗೆ ಮನೆ ನೋಡಿದ್ದಾಗಿಯೂ, ಅಕ್ಕ ಆಗಲೇ ಅವಳ ಅಮ್ಮನ ಜೊತೆ ಮಾತಿಗೆ ಕೂತಿರುವುದಾಗಿಯೂ ಅವನು ಒಂದೇ ಉಸಿರಿಗೆ ಹೇಳಿದ.

"ಒಂದ್ಸಲ ಬಂದು ನೋಡ್ತೀರಾ?"

"ಬೆಲೆ ಕಟ್ಟೋಕಾ?"

"ಅಯ್ಯೋ, ಬೇಡ. ಆ ವಿಷಯದಲ್ಲಿ ನಿಮ್ಮನ್ನ ನಂಬೋದು ಬಿಟ್ಟಾಯ್ತು. ನಿಮಗೆ ಅಲ್ಲಿ ಇರೋಕಾಗುತ್ತಾ, ಅಷ್ಟು ಹೇಳಿ ಸಾಕು."

ಅವಳು ಟೇಬಲ್ ದಾಟಿ ಬಂದು, ಅವನ ಕೈಯ ಚೀಲವನ್ನು ತಾನೇ ತೆಗೆದುಕೊಂಡಳು.

"ಅದನ್ನ ನೋಡದೇನೇ ಹೇಳಬಲ್ಲೆ" ಎಂದಳು. "ಆಗುತ್ತೆ."